ಭೂಗತ ಗಣಿ ಯಂತ್ರಗಳ ಡೀಸೆಲ್ ಹೊಗೆ ಅಳೆಯುವ ಸೇವೆ: ಮೈಸೂರಿನ ಒಂದು ಸಂಸ್ಥೆಯ ಕೆಲಸ ಹೇಗಿದೆ

ಭೂಗತ ಗಣಿಗಳಲ್ಲಿ ಕಲ್ಲು ತುಂಬುವ ಲೋಡರ್‌ಗಳು ಮತ್ತು ಎತ್ತರ ಕಡಿಮೆಯಿರುವ ಡಂಪರ್‌ಗಳ ಎಂಜಿನ್ ಬಿಚ್ಚಿ, ರಿಪೇರಿ ಮಾಡಿ ಮರಳಿ ಗಣಿಗೆ ಕಳುಹಿಸುವುದು ಕೂರ್ಗಳ್ಳಿಯಲ್ಲಿರುವ ನಮ್ಮ ವರ್ಕ್‌ಶಾಪ್‌ನ ಕಸುಬು. ಈಚೆಗೆ ಹೀಗೆ ಸಿದ್ಧವಾದ ಎರಡು ಲೋಡರ್ ಮತ್ತು ಒಂದು ಡಂಪರ್‌ನ ಹೊಗೆಯನ್ನು ಗಣಿಗೆ ಕಳುಹಿಸುವ ಮೊದಲು ಅಳೆಸಬೇಕಾಗಿತ್ತು. ಆ ಕೆಲಸವನ್ನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಸಂಸ್ಥೆಗೆ ಒಪ್ಪಿಸಿದೆವು. ಅವರು ಅಂಗಳದಲ್ಲಿ ನಿಂತು ಮಾಡುವ ಅಳತೆ ಬಹಳ ಅಚ್ಚುಕಟ್ಟಾಗಿದೆ. ಅನಂತರ ಕೊಡುವ ವರದಿ ಸಾಧಾರಣವಾಗಿದೆ. ಮಸಿಕಣಗಳ ವಿಷಯದಲ್ಲಿ ಮಾತ್ರ ಅವರ ಕರಪತ್ರದಲ್ಲಿರುವಷ್ಟು ಕೆಲಸ ಅವರಿಂದ ಆಗುವುದಿಲ್ಲ. ಹೊಗಳಿಕೆ ಮತ್ತು ಆಕ್ಷೇಪ ಎರಡೂ ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆಯನ್ನು ಯಾರಿಂದ ಪಡೆದರೂ ಯಾವುದನ್ನು ನೋಡಬೇಕು, ಯಾವುದನ್ನು ಕೇಳಿ ಪಡೆಯಬೇಕು ಎಂಬುದು ಗೊತ್ತಾದರೆ ಓದುವವರಿಗೆ ಅನುಕೂಲವಾದೀತು ಎಂಬ ಉದ್ದೇಶದಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಈ ಅಳತೆ ಏಕೆ ಬೇಕು ಎಂದು ನಮ್ಮ ಕಸುಬಿನವರೇ ಕೆಲವರು ಕೇಳುವುದುಂಟು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವ ಲಾರಿಯ ಹೊಗೆ ಬಯಲಿನ ಗಾಳಿಯಲ್ಲಿ ಹರಡಿಹೋಗುತ್ತದೆ. ಭೂಮಿಯ ಒಳಗೆ, ಒಂದೇ ಬಾಯಿಯಿರುವ ಸುರಂಗದ ತುದಿಯಲ್ಲಿ ದುಡಿಯುವ ಲೋಡರ್‌ನ ಹೊಗೆಗೆ ಫ್ಯಾನ್ ತಳ್ಳಿದಷ್ಟೇ ಗಾಳಿ, ಆ ಗಾಳಿ ಹೊರಹೋಗುವಷ್ಟೇ ದಾರಿ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ನೈಟ್ರಿಕ್ ಆಕ್ಸೈಡ್ ಇದೆ, ನೈಟ್ರೋಜನ್ ಡೈಆಕ್ಸೈಡ್ ಇದೆ, ಅದರ ಜೊತೆಗೆ ಬಹುಪಾಲು ಒಂದು ಮೈಕ್ರಾನ್‌ಗಿಂತ ಸಣ್ಣದಾದ, ಶ್ವಾಸಕೋಶದ ತಳದವರೆಗೂ ಇಳಿಯಬಲ್ಲ ಮಸಿಕಣಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿನಲ್ಲಿ ಇಟ್ಟಿತ್ತು. 2012ರ ಜೂನ್ ತಿಂಗಳಲ್ಲಿ ಅದನ್ನು ಕ್ಯಾನ್ಸರ್ ತರುವುದು ಖಚಿತವಾದ ಒಂದನೆಯ ಗುಂಪಿಗೆ ಸೇರಿಸಿತು. ಈ ನಿರ್ಧಾರಕ್ಕೆ ಮುಖ್ಯ ಆಧಾರಗಳಲ್ಲಿ ಒಂದಾದದ್ದು ಅಮೆರಿಕದ 8 ಗಣಿಗಳ 12,000ಕ್ಕೂ ಹೆಚ್ಚು ಕಾರ್ಮಿಕರ ಅಧ್ಯಯನ. ನಾವು ರಿಪೇರಿ ಮಾಡಿ ಕಳುಹಿಸಿದ ಎಂಜಿನ್‌ನ ಹಿಂದೆ ಎಂಟು ಗಂಟೆಯ ಶಿಫ್ಟ್ ಪೂರ್ತಿ ಕುಳಿತುಕೊಳ್ಳುವ ಆಪರೇಟರ್ ಉಸಿರಾಡುವುದು ಏನನ್ನು ಎಂಬುದು ನಮ್ಮ ಹೊಣೆಯ ಭಾಗವೇ ಆಗಿದೆ ಎಂದು ನಾನು ನಂಬಿದ್ದೇನೆ.

ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ ಎಂಬುದನ್ನು ಇಲ್ಲಿ ನೆನೆಯಬೇಕು. ವಿದ್ಯುತ್ತಿನಿಂದ ತಿರುಗುವ ಯಂತ್ರಕ್ಕೂ ಒತ್ತಿದ ಗಾಳಿಯಿಂದ ನಡೆಯುವ ಡ್ರಿಲ್‌ಗೂ ಹೊಗೆಯ ಸಮಸ್ಯೆ ಇರಲಿಲ್ಲ. ಕೇಬಲ್ಲಿನ ಹಂಗಿಲ್ಲದೆ ಎಲ್ಲಿಗೆ ಬೇಕಾದರೂ ಹೋಗಬಲ್ಲ ಡೀಸೆಲ್ ಲೋಡರ್ ಬಂದ ಮೇಲೆ ಕೆಲಸ ಚುರುಕಾಯಿತು, ಹೊಗೆಯೂ ಅದರೊಡನೆ ಒಳಗೆ ಇಳಿಯಿತು.

ಹೆಬ್ಬಾಳದ ಸಂಸ್ಥೆಯನ್ನು ಹುಡುಕುವ ಮೊದಲು ನಾವು ಬೇರೊಬ್ಬರಿಂದ ತಪಾಸಣೆ ಮಾಡಿಸುತ್ತಿದ್ದೆವು. ಅವರು ಬರುತ್ತಿದ್ದರು, ಸೈಲೆನ್ಸರ್ ಕೊಳವೆಗೆ ಪ್ರೋಬ್ (ಹೊಗೆಯ ಮಾದರಿ ಎಳೆಯುವ ಕಡ್ಡಿ) ತೂರಿಸುತ್ತಿದ್ದರು, ನಿಂತ ಯಂತ್ರದ ಆಕ್ಸಿಲರೇಟರನ್ನು ಕೆಲವು ಬಾರಿ ಪೂರ್ತಿ ತುಳಿಸಿ ಬಿಡಿಸುತ್ತಿದ್ದರು, ರಸ್ತೆಯ ವಾಹನಗಳಿಗೆ ಕೊಡುವಂಥದ್ದೇ ಒಂದು ಚೀಟಿ ಕೊಟ್ಟು ಹೋಗುತ್ತಿದ್ದರು. ಆ ಚೀಟಿಯಲ್ಲಿ ಇರುತ್ತಿದ್ದುದು ಹೊಗೆಯ ದಟ್ಟಣೆ ಮಾತ್ರ. ಅದು ಬೆಳಕಿನ ಲೆಕ್ಕ: 430 ಮಿಲಿಮೀಟರ್ ಉದ್ದದ ಕೊಳವೆಯೊಳಗೆ ಹೊಗೆ ತುಂಬಿಸಿ, ಒಂದು ತುದಿಯಿಂದ ಬಿಟ್ಟ ಬೆಳಕಿನಲ್ಲಿ ಎಷ್ಟು ಭಾಗ ಇನ್ನೊಂದು ತುದಿಗೆ ತಲುಪಲಿಲ್ಲ ಎಂದು ನೋಡುತ್ತಾರೆ. ನೂರರಲ್ಲಿ 65 ಭಾಗ ತಡೆಯಲ್ಪಟ್ಟರೆ ಅದು ಮೀಟರಿಗೆ 2.45ರ ಹೀರಿಕೆಗೆ ಸಮ. 50 ಭಾಗವಾದರೆ ಸುಮಾರು 1.62ಕ್ಕೆ ಸಮ. ರಸ್ತೆಯ ಹಳೆಯ ಡೀಸೆಲ್ ವಾಹನಗಳಿಗೆ ಮೊದಲನೆಯದು, ಹೊಗೆಯ ಮಾನದಂಡದಲ್ಲಿ ಮುಂದಿನ ಹಂತವಾದ ಭಾರತ್ ಸ್ಟೇಜ್ 4ರ ವಾಹನಗಳಿಗೆ ಎರಡನೆಯದು ಮಿತಿಯಾಗಿದೆ. ರಸ್ತೆಯ ಮಟ್ಟಿಗೆ ಈ ತಪಾಸಣೆ ಒಂದು ಜರಡಿಯಾಗಿ ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಗಣಿಯ ಯಂತ್ರಕ್ಕೆ ಅದು ಎರಡು ಕಾರಣಗಳಿಂದ ಸಾಲದು. ಹೀಗೆ ತುಳಿದು ಬಿಟ್ಟಾಗ ಎಂಜಿನ್‌ಗೆ ತನ್ನದೇ ತಿರುಗುವ ಭಾಗಗಳ ಭಾರವನ್ನು ಬಿಟ್ಟರೆ ಬೇರೆ ಹೊರೆ ಇರುವುದಿಲ್ಲ. ಲೋಡರ್ ನಿಜವಾಗಿ ಹೊಗೆ ಕಾರುವುದು ಬಕೆಟ್ಟನ್ನು ಕಲ್ಲಿನ ರಾಶಿಗೆ ನುಗ್ಗಿಸಿ, ಚಕ್ರ ನಿಂತು, ಎಂಜಿನ್ ಪೂರ್ತಿ ಉಸಿರು ಕಟ್ಟಿ ದುಡಿಯುವ ಹೊತ್ತಿನಲ್ಲಿ. ಇನ್ನೊಂದು, ಬೆಳಕಿಗೆ ಅಡ್ಡ ಬಾರದ ಅನಿಲಗಳು ಆ ಚೀಟಿಯ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹೆಬ್ಬಾಳದವರಿಗೆ ಫೋನ್ ಮಾಡಿದಾಗಲೇ ವ್ಯತ್ಯಾಸ ಕಂಡಿತು. ಬೆಲೆ ಹೇಳುವ ಮೊದಲು ಅವರು ಪ್ರಶ್ನೆ ಕೇಳಿದರು. ಎಂಜಿನ್ ಎಷ್ಟು ಕಿಲೋವ್ಯಾಟ್, ಟರ್ಬೋ ಇದೆಯೇ, ಯಂತ್ರಕ್ಕೆ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಭಾಗ) ಇದೆಯೋ ಹೈಡ್ರೋಸ್ಟ್ಯಾಟಿಕ್ ಪಂಪೋ, ಸೈಲೆನ್ಸರ್ ದಾರಿಯಲ್ಲಿ ಕ್ಯಾಟಲಿಸ್ಟ್ (ಹೊಗೆಯಲ್ಲಿನ ವಿಷಾನಿಲವನ್ನು ಉರಿಸುವ ಸಾಧನ) ಕೂರಿಸಿದ್ದೀರಾ, ಕೂರಿಸಿದ್ದರೆ ಅದರ ಮುಂಚೆ ಪ್ರೋಬ್ ತೂರಿಸಲು ತೂತು ಇದೆಯೇ, ಬ್ರೇಕು ಪೂರ್ತಿ ಹಿಡಿಯುತ್ತದೆಯೇ. ಟ್ಯಾಂಕಿನಲ್ಲಿ ಇರುವುದು ಎಲ್ಲಿಂದ ತಂದ ಡೀಸೆಲ್ ಎಂದೂ ಕೇಳಿದರು. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕುಗಳಲ್ಲಿ ಸಿಗುವುದು ಗಂಧಕದ ಅಂಶ ಹತ್ತು ಲಕ್ಷಕ್ಕೆ 10 ಭಾಗವನ್ನು ಮೀರದ ಭಾರತ್ ಸ್ಟೇಜ್ 6 ಡೀಸೆಲ್. ವರ್ಕ್‌ಶಾಪ್‌ನ ಮೂಲೆಯ ಡ್ರಮ್ಮಿನಲ್ಲಿ ಉಳಿದ ಡೀಸೆಲ್ ತುಂಬಿಸಿ ಪರೀಕ್ಷೆ ಮಾಡಿದರೆ ಗಣಿಯಲ್ಲಿ ಬರುವ ಅಂಕಿಗೂ ಇಲ್ಲಿಯ ಅಂಕಿಗೂ ತಾಳೆಯಾಗುವುದಿಲ್ಲ ಎಂಬುದು ಅವರ ಕಳಕಳಿಯಾಗಿತ್ತು. ಹಾಗೆಯೇ, ಪರೀಕ್ಷೆಗೆಂದು ಹೊಸ ಏರ್ ಫಿಲ್ಟರ್ ಹಾಕಿ ಅನಂತರ ಹಳೆಯದನ್ನೇ ಕೂರಿಸಿ ಕಳುಹಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಇಷ್ಟು ಕೇಳುವವರು ಕೆಲಸ ತಿಳಿದವರೇ ಆಗಿರುತ್ತಾರೆ ಎಂದು ಆಗಲೇ ನನಗೆ ನಂಬಿಕೆ ಬಂತು.

ಬಂದವರು ಒಬ್ಬ ಹಿರಿಯ ತಂತ್ರಜ್ಞರು ಮತ್ತು ಒಬ್ಬ ಸಹಾಯಕ ಹುಡುಗ. ವ್ಯಾನಿನಿಂದ ಉಪಕರಣ ಇಳಿಸುವ ಮೊದಲು ಗಾಳಿ ಬೀಸುವ ದಿಕ್ಕನ್ನು ನೋಡಿ, ಹೊಗೆ ತಾಕದ ಕಡೆಗೆ ಮೇಜು ಹಾಕಿಸಿದರು. ಅಳೆಯುವ ಯಂತ್ರವು ಮೊದಲು ಶುದ್ಧ ಗಾಳಿಯನ್ನು ಎಳೆದುಕೊಂಡು ತನ್ನ ಸೊನ್ನೆಯನ್ನು ಗುರುತಿಸಿಕೊಳ್ಳುತ್ತದೆ. ಆ ಗಾಳಿಯಲ್ಲೇ ಹೊಗೆ ಬೆರೆತಿದ್ದರೆ ಅಲ್ಲಿಂದ ಮುಂದಿನ ಪ್ರತಿ ಅಂಕಿಯೂ ತಗ್ಗಿ ಬರುತ್ತದೆ. ಅನಂತರ ಪ್ರಮಾಣ ಗೊತ್ತಿರುವ ಅನಿಲದ ಸಣ್ಣ ಸಿಲಿಂಡರ್‌ಗಳನ್ನು ಒಂದೊಂದಾಗಿ ಜೋಡಿಸಿ, ಸಿಲಿಂಡರ್‌ನ ಮೇಲೆ ಬರೆದ ಅಂಕಿಗೂ ಪರದೆಯ ಮೇಲೆ ಮೂಡಿದ ಅಂಕಿಗೂ ಎಷ್ಟು ಅಂತರವಿದೆ ಎಂದು ನಮ್ಮ ಎದುರಿಗೇ ತೋರಿಸಿದರು. ಕಾರ್ಬನ್ ಮಾನಾಕ್ಸೈಡ್, ನೈಟ್ರಿಕ್ ಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್‌ಗೆ ಬೇರೆ ಬೇರೆ ಸಿಲಿಂಡರ್‌ಗಳಿದ್ದವು. ಈ ಸೆನ್ಸರ್‌ಗಳು ರಾಸಾಯನಿಕ ಕ್ರಿಯೆಯಿಂದ ಕೆಲಸ ಮಾಡುವಂಥವು. ಬಳಸಿದರೂ ಬಳಸದಿದ್ದರೂ ಕಾಲ ಕಳೆದಂತೆ ಅವುಗಳ ಕಸುವು ಇಳಿಯುತ್ತದೆ. ವರ್ಷಕ್ಕೊಮ್ಮೆ ಪಡೆದ ಕ್ಯಾಲಿಬ್ರೇಶನ್ ಪ್ರಮಾಣಪತ್ರ ಕಡತದಲ್ಲಿ ಇದ್ದ ಮಾತ್ರಕ್ಕೆ ಇಂದಿನ ಅಂಕಿ ಸರಿ ಎನ್ನಲಾಗುವುದಿಲ್ಲ. ಸೋರಿಕೆ ನೋಡಲು ಆ ಹಿರಿಯರು ಪ್ರೋಬಿನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿದರು; ಒಳಗಿನ ಪಂಪು ಎಳೆಯಲು ಗಾಳಿಯಿಲ್ಲದೆ ಒದ್ದಾಡುವ ಸದ್ದು ಕೇಳಿಸಿ, ಹರಿವಿನ ಅಂಕಿ ಸೊನ್ನೆಗೆ ಇಳಿಯಿತು.

ಹೊಗೆಯಲ್ಲಿ ನೀರಾವಿ ಬಹಳ ಇರುತ್ತದೆ. ಕೊಳವೆ ತಣ್ಣಗಿದ್ದರೆ ಅದು ಒಳಗೇ ಹನಿಗಟ್ಟುತ್ತದೆ, ನೈಟ್ರೋಜನ್ ಡೈಆಕ್ಸೈಡ್ ಆ ಹನಿಗಳಲ್ಲಿ ಕರಗಿಹೋಗಿ ಸೆನ್ಸರ್‌ಗೆ ತಲುಪುವುದೇ ಇಲ್ಲ. ಇವರ ಬಳಿ ಬಿಸಿ ಮಾಡಿದ ಕೊಳವೆಯೂ ಅದರ ತುದಿಗೆ ಹೊಗೆಯನ್ನು ಥಟ್ಟನೆ ತಣಿಸಿ ನೀರನ್ನು ಬೇರ್ಪಡಿಸುವ ಗಾಜಿನ ಪುಟ್ಟ ಬಟ್ಟಲೂ ಇದ್ದವು. ಅಗ್ಗದ ಉಪಕರಣಗಳಲ್ಲಿ ಇದು ಇರುವುದಿಲ್ಲ. ಸೇವೆ ಕೊಡುವವರನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಇವರ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಹೊರೆ ಹಾಕಿ ಅಳೆದ ರೀತಿ. ನಮ್ಮವರು ಇದನ್ನು ಸ್ಟಾಲ್ ಟೆಸ್ಟ್ ಎನ್ನುತ್ತಾರೆ. ಚಕ್ರಗಳಿಗೆ ಮರದ ಕಟ್ಟೆ ಕೊಟ್ಟು, ಬಕೆಟ್ ನೆಲಕ್ಕೆ ಒತ್ತಿ, ಯಂತ್ರದ ಮುಂದೆ ಮತ್ತು ಹಿಂದೆ ಒಬ್ಬರೂ ನಿಲ್ಲದಂತೆ ನೋಡಿಕೊಂಡು, ಗೇರ್ ಆಯಿಲ್ ಬಿಸಿಯಾಗುವವರೆಗೆ ಕಾದರು. ನಮ್ಮ ಆಪರೇಟರ್ ಅವಸರ ಮಾಡಿದಾಗ ಹಿರಿಯರು "ಸ್ವಲ್ಪ ತಡೀರಿ ಅಣ್ಣ, ತಣ್ಣಗಿರೋ ಎಂಜಿನ್ನಿನ ಹೊಗೆ ಅಳೆದರೆ ಗಣಿಯೋರಿಗೆ ಏನು ಉಪಯೋಗ?" ಎಂದರು. ಬಳಿಕ ಬ್ರೇಕ್ ಹಿಡಿದು, ಮೇಲಿನ ಗೇರ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿದರು. ಚಕ್ರ ತಿರುಗುವಂತಿಲ್ಲ, ಎಂಜಿನ್‌ನ ಶಕ್ತಿಯೆಲ್ಲ ಕನ್ವರ್ಟರ್‌ನ ಎಣ್ಣೆಯನ್ನು ಕಡೆಯುವುದರಲ್ಲೇ ವ್ಯಯವಾಗುತ್ತದೆ. ಎಣ್ಣೆ ಬೇಗ ಕಾಯುವುದರಿಂದ ಅರ್ಧ ನಿಮಿಷದೊಳಗೆ ಬಿಟ್ಟು, ನ್ಯೂಟ್ರಲ್‌ನಲ್ಲಿ ತಣಿಸಿ, ಮತ್ತೆ ಹಿಡಿಸಿದರು. ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ ಆ ಹೊತ್ತಿನ ಆರ್‌ಪಿಎಂ ಅನ್ನೂ ಬರೆದುಕೊಂಡರು. ಇದು ಸಣ್ಣ ವಿಷಯವೆಂದು ಕಾಣಬಹುದು. ತಯಾರಕರು ಹೇಳಿದ್ದಕ್ಕಿಂತ ಆರ್‌ಪಿಎಂ ತಗ್ಗಿದ್ದರೆ ಎಂಜಿನ್‌ಗೆ ಬಲವಿಲ್ಲ, ಹೆಚ್ಚಿದ್ದರೆ ಕನ್ವರ್ಟರ್ ಅಥವಾ ಕ್ಲಚ್ ಜಾರುತ್ತಿದೆ; ಎರಡರಲ್ಲಿ ಯಾವುದೇ ಆದರೂ ಎಂಜಿನ್ ಮೇಲೆ ಬೀಳಬೇಕಾದ ಹೊರೆ ಬಿದ್ದಿಲ್ಲ ಎಂದೇ ಅರ್ಥ. ಆರ್‌ಪಿಎಂ ಇಲ್ಲದ ಹೊಗೆಯ ಅಂಕಿಯನ್ನು ಇನ್ನೊಂದು ದಿನದ ಅಂಕಿಯೊಡನೆ ಹೋಲಿಸಲು ಬರುವುದಿಲ್ಲ.

ಮೊದಲನೆಯ ಲೋಡರ್‌ನಲ್ಲಿ ನಡೆದದ್ದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಅಳತೆಗೂ ಚೀಟಿ ಕೊಟ್ಟು ಹೋಗುವುದಕ್ಕೂ ಇರುವ ಅಂತರ ಅಲ್ಲಿಯೇ ಕಂಡಿತು. ಮೊದಲ ಎರಡು ಬಾರಿ ಹಿಡಿದಾಗ ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 360 ಭಾಗ ಬಂತು. ಮೂರನೆಯ ಬಾರಿ ಅದು 240ಕ್ಕೆ ಇಳಿಯಿತು. ನಮ್ಮ ಹುಡುಗರು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೊಗೆ ತಿಳಿಯಾಗಿದೆ ಎಂದು ಸಂತೋಷಪಟ್ಟರು. ಹಿರಿಯರು ಆ ಅಂಕಿಯನ್ನು ಬಿಟ್ಟು ಪಕ್ಕದ ಕಾರ್ಬನ್ ಡೈಆಕ್ಸೈಡ್‌ನ ಅಂಕಿ ನೋಡಿದರು. ಮೊದಲೆರಡು ಬಾರಿ ಶೇ. 9.2 ಇದ್ದದ್ದು ಈಗ ಶೇ. 6.1 ಆಗಿತ್ತು, ಆಮ್ಲಜನಕ ಶೇ. 8.5ರಿಂದ 12.7ಕ್ಕೆ ಏರಿತ್ತು. ಆರ್‌ಪಿಎಂ ಬದಲಾಗಿರಲಿಲ್ಲ, ಅಂದರೆ ಹೊರೆ ಬದಲಾಗಿರಲಿಲ್ಲ. ಹೊರೆ ಅದೇ ಇದ್ದು ಹೊಗೆಯಲ್ಲಿ ಆಮ್ಲಜನಕ ಏರುವುದೆಂದರೆ ದಾರಿಯಲ್ಲಿ ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ. ಪರೀಕ್ಷೆ ನಿಲ್ಲಿಸಿ ಕೊಳವೆಯನ್ನು ಕೈಯಿಂದ ತಡವುತ್ತಾ ಬಂದ ಅವರಿಗೆ ಕಾರಣ ಸಿಕ್ಕಿದ್ದು ನೀರು ಬೇರ್ಪಡಿಸುವ ಗಾಜಿನ ಬಟ್ಟಲಿನ ಬಳಿ. ನಡುವೆ ಸಹಾಯಕ ಹುಡುಗ ಅದನ್ನು ಬಿಚ್ಚಿ ನೀರು ಚೆಲ್ಲಿ ಮರಳಿ ಕೂರಿಸಿದ್ದ. ರಬ್ಬರ್ ಉಂಗುರ ತನ್ನ ತೋಡಿನಲ್ಲಿ ಕೂರದೆ ಒಂದು ಕಡೆ ಮಡಚಿಕೊಂಡಿತ್ತು. ಪಂಪು ಹೊಗೆಯ ಜೊತೆಗೆ ಅಂಗಳದ ಗಾಳಿಯನ್ನೂ ಎಳೆದುಕೊಳ್ಳುತ್ತಿತ್ತು. ಉಂಗುರ ಸರಿಪಡಿಸಿದ ಮೇಲೆ ಅಂಕಿಗಳು ಮೊದಲಿನ ಜಾಗಕ್ಕೆ ಬಂದವು.

ಇದು ಹಾಲಿಗೆ ನೀರು ಬೆರೆತರೆ ಕೊಬ್ಬಿನ ಅಂಶ ತಗ್ಗಿ ಕಾಣುವಂತೆಯೇ. ಗಾಳಿ ಬೆರೆತಷ್ಟೂ ವಿಷಾನಿಲದ ಅಂಕಿ ಇಳಿಯುತ್ತದೆ, ಎಂಜಿನ್ ಮಾತ್ರ ಇದ್ದಂತೆಯೇ ಇರುತ್ತದೆ. ಡೀಸೆಲ್ ಉರಿದಾಗ ಕಾರ್ಬನ್ ಡೈಆಕ್ಸೈಡ್ ಮತ್ತು ಉಳಿದ ಆಮ್ಲಜನಕಕ್ಕೆ ಒಂದು ಕಟ್ಟುನಿಟ್ಟಾದ ನಂಟಿದೆ: ಗಾಳಿಯ ಆಮ್ಲಜನಕವೆಲ್ಲ ಖರ್ಚಾದರೆ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ. 15.5 ಆಗುತ್ತದೆ, ಆಮ್ಲಜನಕ ಎಷ್ಟು ಉಳಿದಿದೆಯೋ ಆ ಪ್ರಮಾಣದಲ್ಲಿ ಅದು ತಗ್ಗುತ್ತದೆ. ಎರಡು ಅಂಕಿಗಳು ಈ ಲೆಕ್ಕಕ್ಕೆ ಹೊಂದದಿದ್ದರೆ ಯಾವುದೋ ಸೆನ್ಸರ್ ಕೆಟ್ಟಿದೆ. ಹೊಂದಿದರೂ, ಪೂರ್ತಿ ಹೊರೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರಬೇಕಾದದ್ದಕ್ಕಿಂತ ಬಹಳ ತಗ್ಗಿದ್ದರೆ ಗಾಳಿ ಸೇರಿದೆ ಅಥವಾ ಹೊರೆ ಬಿದ್ದಿಲ್ಲ. ಆದ್ದರಿಂದ ನಾನು ಎಲ್ಲರಿಗೂ ಒತ್ತಿ ಹೇಳುವುದು ಇಷ್ಟು: ಕಾರ್ಬನ್ ಮಾನಾಕ್ಸೈಡ್‌ನ ಅಂಕಿಯೊಂದನ್ನೇ ಬರೆದ ವರದಿಯನ್ನು ಒಪ್ಪಿಕೊಳ್ಳಬೇಡಿ. ಕಾರ್ಬನ್ ಡೈಆಕ್ಸೈಡ್ ಶೇ. 8 ಇದ್ದಾಗ ಬಂದ 300ಕ್ಕೂ ಶೇ. 4 ಇದ್ದಾಗ ಬಂದ 300ಕ್ಕೂ ಎರಡು ಪಟ್ಟಿನ ವ್ಯತ್ಯಾಸವಿದೆ, ಕೆಟ್ಟ ಎಂಜಿನ್ ಎರಡನೆಯದು.

ಎರಡನೆಯ ಲೋಡರ್‌ನಲ್ಲಿ ಈ ಸೇವೆಯ ದುಡ್ಡು ಒಂದೇ ದಿನದಲ್ಲಿ ವಸೂಲಾಯಿತು. ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಡಿಮೆ ಮೊದಲನೆಯದರಷ್ಟೇ ಇದ್ದು, ಕಾರ್ಬನ್ ಮಾನಾಕ್ಸೈಡ್ ಮಾತ್ರ 900ರ ಹತ್ತಿರ ಬಂತು. ಏರ್ ಫಿಲ್ಟರ್‌ನ ಒತ್ತಡ ಅಳೆದು ಅದು ಕಟ್ಟಿಕೊಂಡಿಲ್ಲ ಎಂದು ಖಚಿತಪಡಿಸಿಕೊಂಡ ಹಿರಿಯರು ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿ ನೋಡಲು ಹೇಳಿದರು. ನಾಜಲ್ ಟೆಸ್ಟರ್‌ಗೆ ಹಾಕಿ ಒತ್ತಿದಾಗ ಒಂದು ನಾಜಲ್ ಮಂಜಿನಂತೆ ಸಿಂಪಡಿಸಬೇಕಾದ ಕಡೆ ತುದಿಯಲ್ಲಿ ಹನಿ ಕಟ್ಟಿ ಜಿನುಗುತ್ತಿತ್ತು. ಅದನ್ನು ಬದಲಿಸಿ ಮತ್ತೆ ಅಳೆದಾಗ ಅಂಕಿ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಯಂತ್ರ ಗಣಿಗೆ ಇಳಿದ ಮೇಲೆ ಈ ದೋಷ ತಿಳಿದಿದ್ದರೆ ಅದನ್ನು ಸರಿಪಡಿಸುವ ಖರ್ಚು ಎಷ್ಟಾಗುತ್ತಿತ್ತು ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಅಷ್ಟರಲ್ಲಿ ಎಷ್ಟು ಜನ ಆ ಹೊಗೆ ಕುಡಿದಿರುತ್ತಿದ್ದರು ಎಂಬುದೂ ಯೋಚಿಸಬೇಕಾದ ಮಾತು.

ಡಂಪರ್‌ಗೆ ಆಕ್ಸಿಡೇಶನ್ ಕ್ಯಾಟಲಿಸ್ಟ್ ಇತ್ತು. ಇಲ್ಲಿ ಇವರು ಕ್ಯಾಟಲಿಸ್ಟ್‌ನ ಮುಂಚೆ ಮತ್ತು ನಂತರ ಎರಡೂ ಕಡೆ ಅಳೆದದ್ದು ಬಹಳ ಉಪಕಾರವಾಯಿತು. ಕಾರ್ಬನ್ ಮಾನಾಕ್ಸೈಡ್ 380ರಿಂದ 35ಕ್ಕೆ ಇಳಿದಿತ್ತು. ಅದನ್ನಷ್ಟೇ ನೋಡಿದವರು ಕ್ಯಾಟಲಿಸ್ಟ್‌ಗೆ ಕೊಟ್ಟ ಹಣ ಸಾರ್ಥಕವಾಯಿತು ಎಂದುಕೊಳ್ಳುತ್ತಾರೆ. ಅದೇ ಹೊತ್ತಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ 30ರಿಂದ 80ಕ್ಕೆ ಏರಿತ್ತು. ಕ್ಯಾಟಲಿಸ್ಟ್‌ನಲ್ಲಿರುವ ಪ್ಲ್ಯಾಟಿನಂ ಕಾರ್ಬನ್ ಮಾನಾಕ್ಸೈಡನ್ನು ಉರಿಸುವ ಜೊತೆಗೆ ನೈಟ್ರಿಕ್ ಆಕ್ಸೈಡಿನ ಒಂದು ಭಾಗವನ್ನು ನೈಟ್ರೋಜನ್ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ, ಅದು ನೈಟ್ರಿಕ್ ಆಕ್ಸೈಡಿಗಿಂತ ಬಹಳ ಹೆಚ್ಚು ವಿಷಕಾರಿ. ಅದನ್ನು ಹೆಚ್ಚಾಗಿ ಉಸಿರಾಡಿದವನಿಗೆ ಆ ಕ್ಷಣದಲ್ಲಿ ಗಂಟಲು ಕೆರೆತಕ್ಕಿಂತ ಹೆಚ್ಚೇನೂ ಅನಿಸದೆ, ಶಿಫ್ಟ್ ಮುಗಿಸಿ ಮನೆಗೆ ಹೋದ ಮೇಲೆ, ಕೆಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿದೆ. ಲೆಕ್ಕ ಮಾಡಿ ನೋಡಿದರೆ ವಿಷಯದ ತೂಕ ಗೊತ್ತಾಗುತ್ತದೆ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘವು ಇಡೀ ಶಿಫ್ಟಿನ ಸರಾಸರಿಗೆ ಸೂಚಿಸುವ ಮಿತಿ ಕಾರ್ಬನ್ ಮಾನಾಕ್ಸೈಡ್‌ಗೆ 25, ನೈಟ್ರೋಜನ್ ಡೈಆಕ್ಸೈಡ್‌ಗೆ 0.2. ಕ್ಯಾಟಲಿಸ್ಟ್ ದಾಟಿದ ಹೊಗೆಯ 35ನ್ನು 25ಕ್ಕೆ ಇಳಿಸಲು ಒಂದೂವರೆ ಪಟ್ಟು ಗಾಳಿಯೂ ಬೇಡ, 80ನ್ನು 0.2ಕ್ಕೆ ಇಳಿಸಲು 400 ಪಟ್ಟು ಗಾಳಿ ಬೇಕು. ಯಂತ್ರ ಶಿಫ್ಟ್ ಪೂರ್ತಿ ಪೂರ್ಣ ಹೊರೆಯಲ್ಲಿ ಇರುವುದಿಲ್ಲ ಎಂಬುದು ನಿಜವಾದರೂ, ಗಣಿಯ ಗಾಳಿಯ ಹೊಣೆ ಹೊತ್ತವರಿಗೆ ಈ ಅಂಕಿ ತಿಳಿದಿರಲೇಬೇಕು. ಕ್ಯಾಟಲಿಸ್ಟ್ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಕೂರಿಸಿದ ಯಂತ್ರದ ನೈಟ್ರೋಜನ್ ಡೈಆಕ್ಸೈಡನ್ನು ಅಳೆಯದೆ ಬಿಡಬಾರದು ಎನ್ನುತ್ತಿದ್ದೇನೆ.

ನನ್ನ ಮೊದಲ ಆಕ್ಷೇಪವೂ ಇದೇ ಅನಿಲದ ಬಗ್ಗೆ. ನೈಟ್ರೋಜನ್ ಡೈಆಕ್ಸೈಡ್‌ನ ಸೆನ್ಸರ್ ನಿಧಾನಿ. ಅರ್ಧ ನಿಮಿಷದ ಸ್ಟಾಲ್ ಮುಗಿಯುವ ಹೊತ್ತಿಗೆ ಅದರ ಅಂಕಿ ಇನ್ನೂ ಏರುತ್ತಲೇ ಇತ್ತು. ಕನ್ವರ್ಟರ್ ಎಣ್ಣೆಯ ಬಿಸಿಯ ಕಾರಣ ಹೆಚ್ಚು ಹೊತ್ತು ಹಿಡಿಯುವಂತಿಲ್ಲ ಎಂಬುದನ್ನು ಬಲ್ಲೆ, ಹಿರಿಯರು ಸಾಧ್ಯವಾದಷ್ಟು ಸಲ ಮತ್ತೆ ಮತ್ತೆ ಹಿಡಿಸಿ ಅಂಕಿಯನ್ನು ಸ್ಥಿರಗೊಳಿಸಲು ಶ್ರಮಪಟ್ಟದ್ದನ್ನೂ ಕಂಡಿದ್ದೇನೆ. ಅಂಗಳದಲ್ಲಿ ಅವರೇ "ಸಾರ್, ಇದು ಇನ್ನೂ ಸ್ವಲ್ಪ ಮೇಲೆ ಹೋಗುತ್ತೆ" ಎಂದು ಬಾಯಿಬಿಟ್ಟು ಹೇಳಿದರು. ಕಚೇರಿಯಿಂದ ಬಂದ ವರದಿಯಲ್ಲಿ ಆ ಮಾತೇ ಇರಲಿಲ್ಲ. ಉಳಿದ ಅಂಕಿಗಳ ಸಾಲಿನಲ್ಲಿ, ಅವುಗಳಷ್ಟೇ ಖಚಿತವೆಂಬಂತೆ, ಅದನ್ನೂ ಅಚ್ಚು ಹಾಕಿದ್ದರು. ಅಂಗಳದಲ್ಲಿ ನಿಂತವರಿಗೆ ತಿಳಿದದ್ದು ಕಾಗದದಲ್ಲಿ ಓದುವ ಗಣಿಯ ಎಂಜಿನಿಯರ್‌ಗೆ ತಿಳಿಯದೆ ಹೋಗುವುದು ದೊಡ್ಡ ಕೊರತೆ.

ವರದಿಯ ಇತರ ಕೊರತೆಗಳೂ ಇದೇ ಬಗೆಯವು. ಅಷ್ಟು ಶ್ರದ್ಧೆಯಿಂದ ಬರೆದುಕೊಂಡ ಸ್ಟಾಲ್ ಆರ್‌ಪಿಎಂಗೆ ಅದರಲ್ಲಿ ಜಾಗವಿರಲಿಲ್ಲ. ಯಾವ ಸಿಲಿಂಡರ್‌ನಿಂದ ಪರಿಶೀಲಿಸಿದರು, ಅದರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ನಮೂದಿಸಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಬಾರಿಯ ಅಂಕಿಯನ್ನು ಕೊಡದೆ ಸರಾಸರಿಯನ್ನು ಮಾತ್ರ ಕೊಟ್ಟಿದ್ದರು. ರಬ್ಬರ್ ಉಂಗುರ ಮಡಚಿಕೊಂಡಿದ್ದ ಆ ಮೂರನೆಯ ಬಾರಿಯನ್ನು ಹಿರಿಯರು ಹೊಡೆದುಹಾಕದೆ ಹೋಗಿದ್ದರೆ ಅದೂ ಸರಾಸರಿಯೊಳಗೆ ಸೇರಿ 320 ಎಂಬ, ಎಂಜಿನ್‌ನಿಂದ ಎಂದೂ ಹೊರಬರದ ಒಂದು ಅಂಕಿ ನಮ್ಮ ಕೈಗೆ ಬರುತ್ತಿತ್ತು, ಅದನ್ನು ಯಾರೂ ಪತ್ತೆ ಹಚ್ಚುತ್ತಿರಲಿಲ್ಲ. ಈ ಮಾತುಗಳನ್ನೆಲ್ಲ ಪತ್ರ ಬರೆದು ತಿಳಿಸಿದಾಗ ಅವರು ಬೇಸರಿಸಿಕೊಳ್ಳದೆ ಉಪಕರಣದಲ್ಲಿ ದಾಖಲಾಗಿದ್ದ ಮೂಲ ಅಂಕಿಗಳ ಫೈಲನ್ನು ಕಳುಹಿಸಿಕೊಟ್ಟರು, ತಿದ್ದಿದ ವರದಿಯನ್ನೂ ಕೊಟ್ಟರು. ಆದುದರಿಂದ ಕೇಳಿದರೆ ಕೊಡುವವರು ಎನ್ನಬಹುದು. ಕೇಳಬೇಕು ಎಂಬುದು ಮೊದಲ ಬಾರಿ ಹೋಗುವವರಿಗೆ ಗೊತ್ತಿರುವುದಿಲ್ಲ. ವರದಿ ಇಂಗ್ಲಿಷ್‌ನಲ್ಲಿ ಮಾತ್ರ ಇದೆ. ಯಂತ್ರ ನಡೆಸುವವರು, ಅದರ ಪಕ್ಕದಲ್ಲಿ ನಿಂತು ದುಡಿಯುವವರು ಓದಿಕೊಳ್ಳುವಂತೆ ಕನ್ನಡದಲ್ಲಿ ಒಂದು ಪುಟ ಇದ್ದರೆ ಅವರ ಉಸಿರಿನ ವಿಷಯ ಅವರಿಗೂ ತಿಳಿದಂತಾಗುತ್ತದೆ. ಇದನ್ನು ಅವರ ಮುಂದೆ ಇಟ್ಟಿದ್ದೇನೆ.

ಎರಡನೆಯ ದೊಡ್ಡ ಆಕ್ಷೇಪ ಮಸಿಕಣಗಳದ್ದು. ಅವರ ಕರಪತ್ರದಲ್ಲಿ ಡೀಸೆಲ್ ಮಸಿಕಣಗಳ ಅಳತೆಯನ್ನೂ ಮಾಡುತ್ತೇವೆ ಎಂದು ಬರೆದಿದೆ. ನಿಜವಾಗಿ ಅವರು ಮಾಡುವುದು ಸ್ಟಾಲ್ ಹೊತ್ತಿನ ಹೊಗೆಯ ದಟ್ಟಣೆಯನ್ನು ಬೆಳಕಿನಿಂದ ಅಳೆಯುವುದು, ಬಿಳಿಯ ಕಾಗದದ ಮೇಲೆ ಹೊಗೆ ಹಾಯಿಸಿ ಕಲೆ ಎಷ್ಟು ಕಪ್ಪಾಯಿತೆಂದು ನೋಡುವುದು. ಎಂಜಿನ್‌ನ ಆರೋಗ್ಯ ತಿಳಿಯಲು ಇವು ಒಳ್ಳೆಯ ವಿಧಾನಗಳು. ನಮ್ಮ ಎರಡನೆಯ ಲೋಡರ್‌ನ ಕಾಗದದ ಕಲೆ ನಾಜಲ್ ಬದಲಿಸುವ ಮುಂಚೆ ಕಾಡಿಗೆಯಷ್ಟು ಕಪ್ಪಗಿದ್ದದ್ದು ಬದಲಿಸಿದ ಮೇಲೆ ಬೂದು ಬಣ್ಣಕ್ಕೆ ತಿರುಗಿತ್ತು. ಕಾರ್ಮಿಕ ಉಸಿರಾಡುವ ಮಸಿಯ ಅಳತೆ ಬೇರೆಯೇ ವಿಧಾನದ್ದು. ಅದಕ್ಕೆ ಕಾರ್ಮಿಕನ ಕಾಲರ್ ಬಳಿ ಸಣ್ಣ ಡಬ್ಬಿ ಸಿಕ್ಕಿಸಿ, ಸೊಂಟದ ಪಂಪಿನಿಂದ ಶಿಫ್ಟ್ ಪೂರ್ತಿ ಗಾಳಿ ಎಳೆಯಿಸಬೇಕು. ದಪ್ಪನೆಯ ಕಲ್ಲುಧೂಳನ್ನು ಮುಂಚೆಯೇ ತಡೆದು, ಸಣ್ಣ ಕಣಗಳನ್ನು ಮಾತ್ರ ಕ್ವಾರ್ಟ್ಸ್ ಫಿಲ್ಟರ್ ಮೇಲೆ ಹಿಡಿಯಬೇಕು. ಆ ಫಿಲ್ಟರನ್ನು ಪ್ರಯೋಗಾಲಯದಲ್ಲಿ ಮೊದಲು ಹೀಲಿಯಂನಲ್ಲಿ, ಬಳಿಕ ಆಮ್ಲಜನಕ ಬೆರೆಸಿ ಕಾಯಿಸಿ, ಅದರಲ್ಲಿನ ಇಂಗಾಲವನ್ನು ಎರಡು ಪಾಲಾಗಿ ಲೆಕ್ಕ ಹಾಕಬೇಕು. ಹೊರದೇಶಗಳ ಹಲವು ಮಿತಿಗಳು ಈ ವಿಧಾನದ ಮೇಲೆ ನಿಂತಿವೆ: ಅಮೆರಿಕದ ಲೋಹ ಮತ್ತು ಅಲೋಹ ಗಣಿಗಳಲ್ಲಿ 2008ರಿಂದ ಒಂದು ಘನ ಮೀಟರ್ ಗಾಳಿಗೆ ಒಟ್ಟು ಇಂಗಾಲ 160 ಮೈಕ್ರೋಗ್ರಾಂ, ಯುರೋಪಿನ ಒಕ್ಕೂಟದಲ್ಲಿ ಎಲಿಮೆಂಟಲ್ ಕಾರ್ಬನ್ (ಮಸಿಯಲ್ಲಿನ ಅಪ್ಪಟ ಇಂಗಾಲ) 50 ಮೈಕ್ರೋಗ್ರಾಂ, ಭೂಗತ ಗಣಿ ಮತ್ತು ಸುರಂಗ ಕೆಲಸಗಳಿಗೆ ಈ ಮಿತಿ ಅನ್ವಯವಾಗಲು ನಿಗದಿ ಮಾಡಿದ ದಿನ 2026ರ ಫೆಬ್ರವರಿ 21. ಹೆಬ್ಬಾಳದ ಸಂಸ್ಥೆ ಇದನ್ನು ತಾನು ಮಾಡುವುದಿಲ್ಲ, ಫಿಲ್ಟರ್‌ಗಳನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕರಪತ್ರದಲ್ಲಿ ಅದನ್ನು ಬಿಡಿಸಿ ಬರೆದರೆ ಅಂಗಳದ ಅಳತೆಯನ್ನೇ ಗಣಿಯೊಳಗಿನ ಅಳತೆ ಎಂದು ಯಾರೂ ತಿಳಿಯುವುದಿಲ್ಲ.

ಗಾಳಿಯ ಲೆಕ್ಕದ ಬಗ್ಗೆ ಹಿರಿಯ ತಂತ್ರಜ್ಞರು ಕೊಟ್ಟ ಸಲಹೆಯೂ ಉಪಯುಕ್ತವಾಗಿತ್ತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಎಂಜಿನ್‌ನ ಪ್ರತಿ ಕಿಲೋವ್ಯಾಟ್‌ಗೆ ಸೆಕೆಂಡಿಗೆ 0.05 ಘನ ಮೀಟರ್, ಕೆನಡಾದ ಒಂಟಾರಿಯೊದಲ್ಲಿ 0.06 ಘನ ಮೀಟರ್ ಗಾಳಿ ಬೇಕೆಂಬ ಲೆಕ್ಕವಿದೆ. 150 ಕಿಲೋವ್ಯಾಟ್ ಲೋಡರ್‌ಗೆ ಅದು 7.5 ಅಥವಾ 9 ಘನ ಮೀಟರ್ ಆಗುತ್ತದೆ. ಈ ಲೆಕ್ಕ ಸುಸ್ಥಿತಿಯಲ್ಲಿರುವ ಎಂಜಿನ್‌ಗೆ ಮಾಡಿದ್ದು, ಜಿನುಗುವ ನಾಜಲ್ ಇರುವ ಎಂಜಿನ್‌ಗೆ ಅಷ್ಟು ಗಾಳಿ ಸಾಲದು ಎಂದು ಅವರು ವಿವರಿಸಿದಾಗ ನಮ್ಮ ಹುಡುಗರು ಕೈ ಒರೆಸಿಕೊಂಡು ಬಂದು ನಿಂತು ಕೇಳಿದರು.

ದರದ ವಿಷಯಕ್ಕೆ ಬಂದರೆ, ಒಂದು ಯಂತ್ರದ ಪೂರ್ಣ ಪರೀಕ್ಷೆಗೆ ಅವರು ತೆಗೆದುಕೊಂಡದ್ದು ಆ ಎಂಜಿನ್‌ನ ಒಂದು ಸೆಟ್ ನಾಜಲ್‌ಗಳ ಬೆಲೆಗಿಂತ ಕಡಿಮೆ, ನ್ಯಾಯವಾದ ದರ. ಹೇಳಿದ ಹೊತ್ತಿಗೆ ಬಂದರು, ನಾಜಲ್ ಬದಲಿಸಿದ ಮೇಲಿನ ಮರುಅಳತೆಗೆ ಪೂರ್ತಿ ಹಣ ಕೇಳಲಿಲ್ಲ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಗೂ ಬರುತ್ತಾರೆ, ಪ್ರಯಾಣದ ಖರ್ಚು ಬೇರೆ. ಆ ಭಾಗದಲ್ಲಿ ಭೂಗತ ಗಣಿ ಇಲ್ಲವಲ್ಲ ಎಂದು ಕೇಳಬಹುದು. ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗದಂಥ ಜಾಗದಲ್ಲಿ ಹೂಳು ತೆಗೆಯಲು, ಗೋಡೆ ದುರಸ್ತಿ ಮಾಡಲು ಎಕ್ಸ್‌ಕವೇಟರ್, ಟಿಪ್ಪರ್ ಒಳಗೆ ಬಿಡುವ ಯಾವುದೇ ಗುತ್ತಿಗೆದಾರರಿಗೆ ಈ ಅಳತೆ ಗಣಿಯವರಿಗೆ ಬೇಕಾದಷ್ಟೇ ಬೇಕು. ಸುರಂಗದೊಳಗೆ ಹೊಗೆಯ ಗುಣ ಬದಲಾಗುವುದಿಲ್ಲ.

ಇವರನ್ನು ಕರೆಸುವವರು ಕೆಲವನ್ನು ಮೊದಲೇ ಸಿದ್ಧಮಾಡಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಕ್ಯಾಟಲಿಸ್ಟ್ ಇರುವ ಯಂತ್ರವಾದರೆ ಅದರ ಮುಂಚಿನ ಕೊಳವೆಗೆ ಪ್ರೋಬ್ ಹೋಗುವಷ್ಟು ತೂತು ಕೊರೆದು, ತಿರುಪಿನ ಮುಚ್ಚಳ ಕೂರಿಸಿ ಇಡಿ. ಆ ದಿನ ಬಿಸಿ ಕೊಳವೆಗೆ ಡ್ರಿಲ್ ಹಾಕುವುದು ಕಷ್ಟದ ಕೆಲಸ. ತಯಾರಕರ ಕೈಪಿಡಿಯಿಂದ ಸ್ಟಾಲ್ ಆರ್‌ಪಿಎಂ ಹುಡುಕಿ ಬರೆದಿಟ್ಟುಕೊಳ್ಳಿ. ಬ್ರೇಕ್ ಪರೀಕ್ಷೆ ಹಿಂದಿನ ದಿನವೇ ಆಗಿರಲಿ, ಚಕ್ರಕ್ಕೆ ಕೊಡುವ ಕಟ್ಟೆಗಳು ಗಟ್ಟಿಯಾಗಿರಲಿ. ಅವರ ವ್ಯಾನ್ ಬರುವ ಹೊತ್ತಿಗೆ ಎಂಜಿನ್ ಬಿಸಿಯಾಗಿರಲಿ. ವರದಿಯ ಜೊತೆಗೆ ಮೂಲ ಅಂಕಿಗಳ ಫೈಲ್, ಪ್ರತಿ ಬಾರಿಯ ಕಾರ್ಬನ್ ಡೈಆಕ್ಸೈಡ್ ಮತ್ತು ಆರ್‌ಪಿಎಂ, ಸಿಲಿಂಡರ್‌ಗಳ ಅವಧಿ, ಇಷ್ಟನ್ನೂ ಕೆಲಸ ಒಪ್ಪಿಸುವ ಪತ್ರದಲ್ಲಿಯೇ ಬರೆದು ಕೊಡಿ. ನಾವು ಮುಂದಿನ ಯಂತ್ರಕ್ಕೆ ಹಾಗೆಯೇ ಬರೆದು ಕೊಟ್ಟಿದ್ದೇವೆ, ಅವರೂ ಒಪ್ಪಿ ಸಹಿ ಹಾಕಿದ್ದಾರೆ.